ಸರ್ಕಾರಿ ದಾಖಲೆ ವೆಬ್‌ಸೈಟಿಗೆ ಹಾಕುವ ಮುಂಚೆ ವರ್ಷ ನೋಡಿ

ಸರ್, ತಾಲ್ಲೂಕು ಇತಿಹಾಸದ ವೆಬ್‌ಸೈಟಿಗೆ ಹಳೇ ಗೆಜೆಟಿಯರ್ (ನಾಡಿನ, ಜಿಲ್ಲೆಯ ಮಾಹಿತಿ ಇರುವ ಸರ್ಕಾರಿ ಗ್ರಂಥ) ಪುಟ, ರಾಜ್ಯಪತ್ರದ ಅಧಿಸೂಚನೆ, ಕೋರ್ಟ್ ತೀರ್ಪು ಹಾಕಬಹುದಾ, ಎಲ್ಲ ಸರ್ಕಾರದ್ದೇ ಅಲ್ವಾ ಅಂತ ಕೇಳಿದ್ದೀರಿ. ಸರ್ಕಾರದ್ದು ಅಂದ ಮಾತ್ರಕ್ಕೆ ಎಲ್ಲರದ್ದೂ ಆಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಸರ್ಕಾರಿ ಕೃತಿಗೂ 60 ವರ್ಷ ಹಕ್ಕಿದೆ. ಲೆಕ್ಕ ಶುರುವಾಗುವುದು ಪ್ರಕಟವಾದ ಮುಂದಿನ ವರ್ಷದ ಜನವರಿ 1ರಿಂದ. 1968ರಲ್ಲಿ ಅಚ್ಚಾದ ಜಿಲ್ಲಾ ಗೆಜೆಟಿಯರ್ ಪೂರ್ತಿ ಹಾಕಬೇಕಾದರೆ 2029ರ ಜನವರಿ 1ರವರೆಗೆ ಕಾಯಬೇಕು, ಇಲ್ಲವೇ ಇಲಾಖೆಯಿಂದ ಲಿಖಿತ ಅನುಮತಿ ತರಬೇಕು. ಹಯವದನರಾಯರು ಸಂಪಾದಿಸಿದ ಮೈಸೂರು ಗೆಜೆಟಿಯರ್ (1927–30) ಅವಧಿ ಮುಗಿದಿದೆ, ಧೈರ್ಯವಾಗಿ ಹಾಕಿ.

ಹೆಚ್ಚು ಜನ ಎಡವುವುದು ಮರುಮುದ್ರಣದಲ್ಲಿ, ಲೆಕ್ಕ ಮೊದಲ ಮುದ್ರಣದ ವರ್ಷದ್ದೇ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮೊದಲ ಮುದ್ರಣದ ವರ್ಷ ಇರುತ್ತೆ, ಅದನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಹಳೇ ಪಠ್ಯ ಮುಕ್ತವಾದರೂ ಹೊಸ ಮುನ್ನುಡಿ, ಅಡಿಟಿಪ್ಪಣಿ, ಅನುವಾದಗಳಿಗೆ ಬೇರೆ ಹಕ್ಕು. ಶಾಸನ ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ಕಾಲದ ಎಪಿಗ್ರಾಫಿಯಾ ಕರ್ನಾಟಿಕಾ (ಕರ್ನಾಟಕದ ಶಾಸನಗಳ ಸಂಗ್ರಹ) ಸಂಪುಟಗಳನ್ನು ಬಳಸಬಹುದು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಪರಿಷ್ಕೃತ ಸಂಪುಟಗಳನ್ನು ಹಾಗೇ ಎತ್ತಿ ಹಾಕುವಂತಿಲ್ಲ.

ಕೆಲವಕ್ಕೆ ವರ್ಷ ಕಾಯಬೇಕಾಗಿಲ್ಲ. ಅದೇ ಕಾಯ್ದೆಯ ಸೆಕ್ಷನ್ 52(1)(ಕ್ಯೂ) ಓದಿ. ರಾಜ್ಯಪತ್ರದಲ್ಲಿ ಬಂದ ಅಧಿಸೂಚನೆ, ಸದನದಲ್ಲಿ ಮಂಡಿಸಿದ ಆಯೋಗದ ವರದಿ, ಕೋರ್ಟ್ ತೀರ್ಪು ಇವನ್ನು ಮರುಪ್ರಕಟಿಸಬಹುದು. ವರದಿ, ತೀರ್ಪುಗಳಿಗೆ ನಿಷೇಧ ಹಾಕಿದ್ದರೆ ಮಾತ್ರ ಆಗಲ್ಲ. ಕಾಯ್ದೆಗಳಿಗೆ ಒಂದು ಷರತ್ತಿದೆ: ಬರೀ ಕಾಯ್ದೆಯ ಪಠ್ಯ ಸಾಲದು, ಜೊತೆಗೆ ನಿಮ್ಮ ವಿವರಣೆಯೋ ಬೇರೆ ಸ್ವಂತ ಬರಹವೋ ಇರಬೇಕು. ಇನಾಂ ರದ್ದತಿ ಕಾಯ್ದೆ ಹಾಕುವುದಾದರೆ ನಿಮ್ಮ ಊರಿನ ಇನಾಂ ಜಮೀನಿನ ಬಗ್ಗೆ ಒಂದು ಪುಟ ಬರೆದು ಸೇರಿಸಿ. ಓದುಗರಿಗೂ ಅದೇ ಬೇಕಿರುವುದು. ತೀರ್ಪನ್ನು ಕಾನೂನು ವರದಿ ಪುಸ್ತಕದಿಂದ ಸ್ಕ್ಯಾನ್ ಮಾಡಬೇಡಿ. ಸಂಪಾದಕರು ಬರೆದ ಹೆಡ್‌ನೋಟ್ (ತೀರ್ಪಿನ ಮೇಲೆ ಹಾಕುವ ಸಾರಾಂಶ) ಅವರದ್ದೇ ಸ್ವತ್ತು ಅಂತ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಕೋರ್ಟಿನ ವೆಬ್‌ಸೈಟಿನ ಪ್ರತಿ ತಗೊಳ್ಳಿ.

ಆರ್‌ಟಿಐನಲ್ಲಿ ಪ್ರತಿ ಸಿಕ್ಕಿತು ಅಂದರೆ ಪ್ರಕಟಿಸಲು ಒಪ್ಪಿಗೆ ಸಿಕ್ಕಿತು ಅಂತಲ್ಲ. ಸರ್ಕಾರಿ ಪುಸ್ತಕದೊಳಗಿನ ಫೋಟೋ ಖಾಸಗಿ ಸ್ಟುಡಿಯೋದ್ದೂ ಇರಬಹುದು, ಕೆಳಗಿನ ಸಣ್ಣ ಅಕ್ಷರ ಓದಿ. ಸ್ಕ್ಯಾನಿನಲ್ಲಿ ಸಿಂಹಲಾಂಛನ ಇದ್ದರೆ ಇರಲಿ, ಸೈಟಿನ ತಲೆಬರಹಕ್ಕೆ ಅದನ್ನು ಎತ್ತಿ ಹಾಕಬೇಡಿ. ಅದಕ್ಕೆ 2005ರ ಪ್ರತ್ಯೇಕ ಕಾಯ್ದೆ ಇದೆ.

ಪ್ರತಿ ಪುಟದ ಕೆಳಗೆ ದಾಖಲೆಯ ಹೆಸರು, ಹೊರಡಿಸಿದ ಇಲಾಖೆ, ಸಂಖ್ಯೆ, ದಿನಾಂಕ, ಪುಟ ಸಂಖ್ಯೆ, ಮೂಲ ಪ್ರತಿ ಇರುವ ಗ್ರಂಥಾಲಯ ಬರೆಯಿರಿ. 60 ವರ್ಷ ಮುಗಿದಿದ್ದರೆ ಮೊದಲ ಮುದ್ರಣದ ವರ್ಷವನ್ನೂ ಅಲ್ಲೇ ಹಾಕಿ.