ನಳದ ನೀರಿಗೆ ಮಣ್ಣಿನ ವಾಸನೆ, ಲ್ಯಾಬ್ ರಿಪೋರ್ಟ್ ಎರಡು ಬಗೆ

ಪ್ರಶ್ನೆ: ನಮ್ಮ ಮನೆ ಬೆಳಗಾವಿಯ ಶಹಾಪುರದಲ್ಲಿದೆ. ನಳದ ನೀರಿಗೆ ಮಣ್ಣಿನ ವಾಸನೆ. ಒಂದೇ ಕೊಡದ ನೀರನ್ನು ಎರಡು ಲ್ಯಾಬಿಗೆ ಕೊಟ್ಟೆ, ಒಂದಕ್ಕೆ ಗಾಜಿನ ಬಾಟಲಿಯಲ್ಲಿ, ಇನ್ನೊಂದಕ್ಕೆ ಮುಕ್ಕಾಲು ತುಂಬಿದ ಪ್ಲಾಸ್ಟಿಕ್ ಬಾಟಲಿಯಲ್ಲಿ. ಗಾಜಿನದಕ್ಕೆ ‘ಜಿಯೋಸ್ಮಿನ್ ಲೀಟರಿಗೆ 12 ನ್ಯಾನೋಗ್ರಾಂ’ ಎಂದು ಬಂತು. ಪ್ಲಾಸ್ಟಿಕ್‌ನದಕ್ಕೆ ‘0.02 ಮೈಕ್ರೋಗ್ರಾಂಗಿಂತ ಕಡಿಮೆ’. ಯಾರನ್ನು ನಂಬಲಿ ಸರ್?

ಉತ್ತರ: ಇಬ್ಬರನ್ನೂ ನಂಬಿ. ಜಿಯೋಸ್ಮಿನ್ ಅಂದರೆ ಮಣ್ಣಿನ ವಾಸನೆ ಕೊಡುವ ವಸ್ತು. 1 ಮೈಕ್ರೋಗ್ರಾಂ ಅಂದರೆ 1,000 ನ್ಯಾನೋಗ್ರಾಂ. ಹಾಗಾಗಿ 0.02 ಅಂದರೆ 20. ಆ ಲ್ಯಾಬ್ ಹೇಳಿದ್ದು ಇಷ್ಟೇ: 20ಕ್ಕಿಂತ ಕೆಳಗೆ ನಮಗೆ ನೆಚ್ಚಿಕೆಯಿಂದ ಅಳೆಯಲು ಬರುವುದಿಲ್ಲ. 12 ಕೂಡ 20ಕ್ಕಿಂತ ಕಡಿಮೆಯೇ ಅಲ್ವಾ? ಜಗಳವೇ ಇಲ್ಲ.

ಆದರೆ ಆ ‘ಕಡಿಮೆ’ಯನ್ನು ‘ಏನೂ ಇಲ್ಲ’ ಎಂದು ಓದಬೇಡಿ. ಎಷ್ಟೋ ಜನರ ಮೂಗಿಗೆ 5ರಿಂದ 10 ನ್ಯಾನೋಗ್ರಾಂ ಸಾಕು. ಎರೆಹೊಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ಘಮದಲ್ಲಿರುವುದು, ಬೀಟ್‌ರೂಟಿನಲ್ಲಿರುವುದು ಇದೇ ಜಿಯೋಸ್ಮಿನ್. ಈ ಒಂದು ವಿಷಯದಲ್ಲಿ ನಿಮ್ಮ ಮನೆಯವರ ಮೂಗು ಆ ಲ್ಯಾಬಿಗಿಂತ ಚುರುಕು.

ನನಗೆ ಜಾಸ್ತಿ ಅನುಮಾನ ಇರುವುದು ಬಾಟಲಿಯ ಮೇಲೆ. ಸಾಮಾನ್ಯವಾಗಿ ಲ್ಯಾಬಿನವರು ನೀರಿಗೆ ಉಪ್ಪು ಹಾಕಿ ಬಿಸಿ ಮಾಡುತ್ತಾರೆ. ಮೇಲೇಳುವ ವಾಸನೆಯನ್ನು ಕೂದಲೆಳೆಯಂಥ ನಾರಿನ ಮೇಲೆ ಹಿಡಿದು ಮೆಷಿನ್‌ಗೆ ಕೊಡುತ್ತಾರೆ. ಅಂದರೆ ಇದು ಹಾರಿಹೋಗುವ ಸರಕು. ಬಾಟಲಿಯಲ್ಲಿ ಗಾಳಿಗೆ ಜಾಗ ಬಿಟ್ಟರೆ ಒಂದಿಷ್ಟು ಅಲ್ಲಿಗೆ ಹೋಗುತ್ತದೆ, ಪ್ಲಾಸ್ಟಿಕ್ ಕೂಡ ಸ್ವಲ್ಪ ಹೀರಿಕೊಳ್ಳುತ್ತದೆ. ಮುಂದಿನ ಸಲ ಎರಡೂ ಗಾಜಿನವೇ ಇರಲಿ. ಕಂಠದವರೆಗೆ ತುಂಬಿ, ಐಸ್ ಡಬ್ಬಿಯಲ್ಲಿಟ್ಟು ಅವತ್ತೇ ಕೊಡಿ. ಸ್ಕೂಟರ್ ಡಿಕ್ಕಿಯಲ್ಲಿಟ್ಟು ಊರು ಸುತ್ತಬೇಡಿ.

ಎರಡೂ ಲ್ಯಾಬಿನವರನ್ನು ಇನ್ನೊಂದು ಮಾತು ಕೇಳಿ: ‘ನೀರು ಸೋಸಿ ಅಳೆದಿರೋ, ಸೋಸದೆಯೋ?’ ನಿಮ್ಮೂರಿಗೆ ನೀರು ಬರುವುದು ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ. ತೆರೆದ ನೀರಿನಲ್ಲಿ ಬೆಳೆಯುವ ಕೆಲವು ನೀಲಿ-ಹಸಿರು ಪಾಚಿಗಳು ಜಿಯೋಸ್ಮಿನ್ ಅನ್ನು ಒಡಲಲ್ಲೇ ಇಟ್ಟುಕೊಂಡಿರುತ್ತವೆ. ಸೋಸಿದರೆ ಪಾಚಿಯ ಜೊತೆ ಅದೂ ಹೋಗುತ್ತದೆ, ಅಂಕಿ ಇಳಿಯುತ್ತದೆ. ಎರಡೂ ಲ್ಯಾಬ್ ಒಂದೇ ರೀತಿ ಮಾಡಿರದಿದ್ದರೆ ಹೋಲಿಸುವುದು ಸುಮ್ನೆ. ಒಂದೇ ರೀತಿ ಮಾಡಿದ್ದರೂ ಇಷ್ಟು ಸಣ್ಣ ಪ್ರಮಾಣದಲ್ಲಿ 10ಕ್ಕೂ 12ಕ್ಕೂ ನಾನು ವ್ಯತ್ಯಾಸ ಎಣಿಸುವುದಿಲ್ಲ.

ಈ ಪ್ರಮಾಣದ ಜಿಯೋಸ್ಮಿನ್‌ನಿಂದ ಆರೋಗ್ಯಕ್ಕೆ ತೊಂದರೆ ಎಂದು ಕಂಡುಬಂದಿಲ್ಲ. ಕ್ಲೋರಿನ್‌ಗೆ ಅದು ಅಷ್ಟಾಗಿ ಜಗ್ಗುವುದಿಲ್ಲ, ಕಾರ್ಬನ್ ಫಿಲ್ಟರ್ ಹಿಡಿಯುತ್ತದೆ. ಆದರೆ ವಾಸನೆ ಮಣ್ಣಿನದಲ್ಲದೆ ಗಟಾರದ್ದಾಗಿದ್ದರೆ ಈ ಲೆಕ್ಕವೆಲ್ಲ ಬಿಡಿ. ಆ ನೀರು ಕುಡಿಯುವುದನ್ನು ನಿಲ್ಲಿಸಿ, ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿ.