ನೀಲಗಿರಿ ತೋಪು ಕಾಡಾಗಬೇಕಾ? ಸಸಿ ಕೊಳ್ಳಬೇಡಿ

ಹೊಸಕೋಟೆ ಕಡೆ ಒಂದೂವರೆ ಎಕರೆ ನೀಲಗಿರಿ, ಬೊಡ್ಡೆಗಳು ಸರಿಯಾಗಿ ಚಿಗುರುತ್ತಿಲ್ಲ, ಕೀಳಿಸಿ ಕಡಿಮೆ ಖರ್ಚಲ್ಲಿ ಕಾಡು ಮಾಡಬೇಕು, ಯಾವ ಸಸಿ ತರಲಿ, ಪೈನ್ ಬರುತ್ತಾ ಅಂತ ಕೇಳಿದ್ದೀರಿ. ದೊಡ್ಡಬಳ್ಳಾಪುರದ ಹತ್ತಿರ ನನ್ನದೂ ಇದೇ ಕಥೆ.

ಎಂಬತ್ತರ ದಶಕದಲ್ಲಿ, ಹೊಲ-ಬೀಳುಗಳಲ್ಲಿ ಮರ ಬೆಳೆಸುವ ಸರ್ಕಾರದ ಸಾಮಾಜಿಕ ಅರಣ್ಯ ಯೋಜನೆಯ ಹುರುಪಿನಲ್ಲಿ, ನಮ್ಮಪ್ಪ ರಾಗಿ ಹೊಲಕ್ಕೆ ನೀಲಗಿರಿ ಹಾಕಿಸಿದ್ದರು. ಬೆಂಗಳೂರು ಸೇರಿದವರಿಗೆ ಅನುಕೂಲದ ಬೆಳೆ. ಯಾರೂ ನೋಡಬೇಕಿಲ್ಲ, ಏಳೆಂಟು ವರ್ಷಕ್ಕೊಮ್ಮೆ ಲಾರಿ ಬರುತ್ತೆ. ಆದರೆ ಕಡಿದಷ್ಟೂ ಚಿಗುರು ಸೊರಗಿತು. ಅದರ ಮೇಲೆ ಎಲೆಯಲ್ಲಿ ಗಂಟು ಕಟ್ಟಿಸುವ ಕಣಜದ ಕಾಟ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಸರಿ, ಕಾಡು ಮಾಡೋಣ ಅಂತ ಹೊರಟೆ.

ಮೊದಲ ಕೆಲಸವೇ ಜೆಸಿಬಿ ಕರೆಸಿದ್ದು. ನಾನು ಕೆಟ್ಟಿದ್ದು ಅಲ್ಲೇ. ಗಂಟೆ ಲೆಕ್ಕದ ಬಾಡಿಗೆ ಹೋಯಿತು ಅಂತಲ್ಲ. ಬೊಡ್ಡೆ ಮೇಲೆ ಬರುವಾಗ ಕೆಳಗಿನ ಗರಸು ಮಣ್ಣನ್ನೆಲ್ಲ ಎಳೆದು ತಂತು, ಮೇಲಿನ ಒಳ್ಳೆ ಮಣ್ಣು ಹೂತುಹೋಯಿತು. ಅದಕ್ಕಿಂತ ದೊಡ್ಡ ನಷ್ಟ ನನಗೆ ಆಗ ಕಾಣಲೇ ಇಲ್ಲ. ಮರಗಳ ಸಾಲಿನ ನಡುವೆ ಮೊಣಕಾಲುದ್ದದ ಹೊಂಗೆ, ಮುತ್ತುಗ ಇದ್ದವು. ಆಡು ಮೇದು ಮೇದು ಕುಳ್ಳಾಗಿದ್ದವು, ನಾನು ಕಳೆ ಅಂದುಕೊಂಡೆ. ಅವುಗಳ ಬೇರು ವರ್ಷಗಟ್ಟಲೆ ಹಳೆಯದು, ಆಳಕ್ಕೆ ಇಳಿದಿದ್ದು. ದುಡ್ಡು ಕೊಟ್ಟರೂ ನರ್ಸರಿಯಲ್ಲಿ ಅಂಥ ಬೇರು ಸಿಗಲ್ಲ. ಬೊಡ್ಡೆಯ ಜೊತೆ ಅವೂ ಹೋದವು. ಬೋಳು ನೆಲದ ಮೇಲೆ ಮುಂಗಾರು ಬಿದ್ದು, ಕೆಂಪು ನೀರು ಪಕ್ಕದವರ ಕೃಷಿಹೊಂಡಕ್ಕೆ ಇಳಿಯಿತು. ಆ ಜಗಳ ಬೇರೆ. ಆಮೇಲೆ ಎದೆಮಟ್ಟ ಕಾಂಗ್ರೆಸ್ ಗಿಡ, ಲಂಟಾನ. ಗರಸಲ್ಲಿ ನೆಟ್ಟ ಸಸಿಗಳಲ್ಲಿ ಬೇಸಿಗೆ ದಾಟಿದ್ದು ತೀರಾ ಕಡಿಮೆ.

ಕರೆಂಟ್ ಲೈನ್ ಕೆಳಗಿನ ಒಂದು ಪಟ್ಟಿಗೆ ಮಾತ್ರ ಜೆಸಿಬಿ ಹೋಗಿರಲಿಲ್ಲ. ಬೇಲಿ ಬಿಗಿ ಮಾಡಿದ ಮೇಲೆ ಅಲ್ಲಿ ಹೊಂಗೆ, ಬೇವು ತಾವಾಗಿ ಎದ್ದವು. ಹಕ್ಕಿ ಹಾಕಿದ ಬೀಜದಿಂದ ಶ್ರೀಗಂಧವೂ ಬಂತು.

ಹಾಗಾಗಿ ಯಾವ ಸಸಿ ಅನ್ನುವ ಪ್ರಶ್ನೆಯನ್ನೇ ಬಿಡಿ. ಪೈನ್ ಅಂತೂ ಬೇಡವೇ ಬೇಡ. ಪೈನ್‌ನಂಥ ಶಂಕುಧಾರಿ ಮರಗಳಲ್ಲಿ ದಕ್ಷಿಣ ಭಾರತಕ್ಕೆ ಸಹಜವಾಗಿ ಸೇರಿದ್ದು ಒಂದೇ ಒಂದು, ಅದೂ ಪಶ್ಚಿಮ ಘಟ್ಟದ ಮಳೆಕಾಡಿನದು. ಹೊಸಕೋಟೆಯದು ಕುರುಚಲು ಕಾಡಿನ ನೆಲ. ಮಿಯಾವಾಕಿ, ಅಂದರೆ ಒತ್ತೊತ್ತಾಗಿ ಗಿಡ ನೆಟ್ಟು ಕಾಡು ಮಾಡುವ ಜಪಾನಿ ವಿಧಾನ, ಮಾಡಿಕೊಡ್ತೀವಿ ಅನ್ನುವವರೂ ಬರ್ತಾರೆ. ಚದರ ಮೀಟರಿಗೆ ಮೂರು ಗಿಡ ಅಂದರೂ ಎಕರೆಗೆ 12,000 ದಾಟುತ್ತೆ, ನೀರು ಎಲ್ಲಿಂದ ತರ್ತೀರಿ?

ನೀಲಗಿರಿಯನ್ನು ಸಾಲು ಬಿಟ್ಟು ಸಾಲು, ನೆಲಮಟ್ಟಕ್ಕೆ ಕಡಿಸಿ. ಸೆಂಟ್ರಿಂಗ್ ಕಂಬಕ್ಕೆ ಮಾರಿದ ದುಡ್ಡಲ್ಲೇ ಕೂಲಿ ಕೊಡಬಹುದು. ಬೊಡ್ಡೆಯ ತೊಗಟೆ ಸುಲಿಸಿ, ಚಿಗುರು ಇನ್ನೂ ಎಳೆಯದಾಗಿರುವಾಗಲೇ ಮುರಿಯುತ್ತಿರಿ. ಒಂದೆರಡು ವರ್ಷ ಬಿಡದೆ ಮುರಿದರೆ ಹೆಚ್ಚಿನವು ಸಾಯುತ್ತವೆ. ಬೇಜಾರಿನ ಕೆಲಸ, ಬೇರೆ ದಾರಿಯಿಲ್ಲ. ಉಳಿದ ಸಾಲು ನೆರಳು ಕೊಡಲಿ, ಹಕ್ಕಿ ಕೂರಲಿ, ಆಮೇಲೆ ಅವನ್ನೂ ತೆಗೆಯಿರಿ. ತರಗು ಗುಡಿಸಲು ಊರವರು ಬಂದರೆ ಬಿಡಿ, ಬೇಸಿಗೆ ಬೆಂಕಿಯ ಭಯ ಕಮ್ಮಿಯಾಗುತ್ತೆ. ಆಡಿಗೆ ಮಾತ್ರ ಬಿಡಬೇಡಿ. ಕತ್ತಾಳೆ ಬೇಲಿ ಸಾಕು, ಚೈನ್‌ಲಿಂಕ್‌ಗೆ ಲಕ್ಷ ಸುರಿಯಬೇಡಿ. ಎರಡು ಮಳೆಗಾಲ ಕಳೆದ ಮೇಲೂ ಬೋಳಾಗಿಯೇ ಉಳಿದ ಜಾಗಕ್ಕಷ್ಟೇ ಅರಣ್ಯ ಇಲಾಖೆಯ ನರ್ಸರಿಯಿಂದ ನೇರಳೆ, ಕಮರ, ಬಾಗೆ ತನ್ನಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿದ ಗಿಡಕ್ಕೆ ಮೂರು ವರ್ಷ ಹಣವೂ ಕೊಡ್ತಾರೆ, ವಿಚಾರಿಸಿ.

ಜೆಸಿಬಿಗೆ ಆಗಲೇ ಅಡ್ವಾನ್ಸ್ ಕೊಟ್ಟಿದ್ದರೆ ಗಡಿಯುದ್ದಕ್ಕೂ ಟ್ರೆಂಚ್ ಹೊಡೆಸಿ. ಪಕ್ಕದವರ ನೀಲಗಿರಿ ಬೇರು ಕತ್ತರಿಸಿದಂತಾಗುತ್ತೆ, ನೀರೂ ಇಂಗುತ್ತೆ. ತೋಪಿನೊಳಗೆ ಮಾತ್ರ ಇಳಿಸಬೇಡಿ.