ಮಕ್ಕಳೊಂದಿಗೆ ಒಂದು ದಿನಕ್ಕಾದರೆ ಪಡುಬಿದ್ರಿ

ಏಪ್ರಿಲ್ ಕೊನೆಯಲ್ಲಿ ಉಡುಪಿಯಲ್ಲಿ ಉಳಿದುಕೊಂಡು, ಇಬ್ಬರು ಚಿಕ್ಕ ಮಕ್ಕಳೊಂದಿಗೆ ಒಂದು ದಿನ ಕಡಲತೀರದಲ್ಲಿ ಕಳೆಯಬೇಕು, ಮಲ್ಪೆಯೋ ಮರವಂತೆಯೋ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ಎರಡೂ ಬೇಡ, ಪಡುಬಿದ್ರಿಗೆ ಹೋಗಿ. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ತೀರವದು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಇರುವಲ್ಲಿ ತಾಯಂದಿರಿಗೆ ಅರ್ಧ ಚಿಂತೆ ಕಡಿಮೆ.

ಜಾಗಕ್ಕಿಂತ ಹೊತ್ತು ಮುಖ್ಯ. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಸೂರ್ಯ ಬೆನ್ನ ಹಿಂದಿರುತ್ತಾನೆ, ತೆಂಗಿನ ಮರಗಳ ನೆರಳು ಮರಳಿನ ಮೇಲೆ ಉದ್ದಕ್ಕೆ ಚಾಚಿರುತ್ತದೆ. ಏಳಕ್ಕೇ ತಲುಪಿಬಿಡಿ. ಹತ್ತರ ಹೊತ್ತಿಗೆ ಆ ನೆರಳು ಮರದ ಬುಡದತ್ತ ಸರಿದು, ಮರಳು ಬರಿಗಾಲನ್ನು ಸುಡತೊಡಗುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ಅಲೆಗಳೂ ಜೋರಾಗುತ್ತವೆ. ಆಗ ಮಕ್ಕಳಿಗೆ ಊಟ, ನಿದ್ದೆ. ಮತ್ತೆ ನಾಲ್ಕೂವರೆಗೆ ಬಂದರೆ ಸಾಕು.

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ನೋಡಲು ಅದಕ್ಕೆ ಸಾಟಿಯಿಲ್ಲ, ಆದರೆ ದಂಡೆಗೆ ಬಂಡೆಗಳನ್ನು ಪೇರಿಸಿದ್ದಾರೆ, ಪಕ್ಕದಲ್ಲೇ ಲಾರಿಗಳ ಓಡಾಟ. ದಯವಿಟ್ಟು ಅಲ್ಲಿ ಮಕ್ಕಳನ್ನು ನೀರಿಗೆ ಇಳಿಸಬೇಡಿ. ಮಲ್ಪೆಗೆ ಹೋಗಲೇಬೇಕೆಂದಿದ್ದರೆ ಸೇಂಟ್ ಮೇರಿ ದ್ವೀಪದ ಕಂಬದಂಥ ಲಾವಾ ಶಿಲೆಗಳಿಗಾಗಿ ಹೋಗಿ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ, ಏಪ್ರಿಲ್‌ನಲ್ಲಿ ತೊಂದರೆಯಿಲ್ಲ. ಟೋಪಿ, ನೀರು ಮರೆಯಬೇಡಿ.

ಯಾವ ತೀರವಾದರೂ ಸರಿ, ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ಕದಡಿದ ಬಣ್ಣದಲ್ಲಿ ಕಂಡರೆ ಅಲ್ಲಿ ಇಳಿಯಬೇಡಿ. ಒಳಕ್ಕೆ ಸೆಳೆಯುವ ಪ್ರವಾಹ ಇರುವುದು ಅಂಥಲ್ಲೇ. ಸಿಕ್ಕಿಕೊಂಡರೆ ದಡದತ್ತ ಸೆಣಸದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬನ್ನಿ.